ಟಿಪ್ಪಣಿಯ ಪ್ಯಾಕೇಜುಗಳೂ ತಾಮ್ರಪಟದ ಪರೀಕ್ಷೆಯೂ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಶಾಸನಗಳಿಗೆ ಎಂತಹ ಆಗರವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳೂ, 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳೂ ಅಚ್ಚಾದುವು. ತಾಳಗುಂದದ ಸ್ತಂಭವನ್ನು ಕಂಡು, ಬಳ್ಳಿಗಾವೆಯ ಕಲ್ಲುಗಳನ್ನೋದಿ, ಸೊರಬದ ಊರ ಮುಂದಣ ವೀರಗಲ್ಲುಗಳನ್ನು ಗುರುತುಮಾಡಿಕೊಂಡು ಹಿಂದಿರುಗುವ ವಿದ್ಯಾರ್ಥಿಗಳು ಟಿಪ್ಪಣಿಗಳ ಹೊರೆಯನ್ನೇ ತರುತ್ತಾರೆ. ಮೊದಲು ಈ ಹೊರೆ ಚೀಟಿಗಳಲ್ಲಿಯೂ ನೋಟುಪುಸ್ತಕಗಳಲ್ಲಿಯೂ ಇರುತ್ತಿದ್ದಿತು. ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿದೆ. ಚೀಟಿಗಳಿಗೆ ಗೆದ್ದಲಿನ ಭಯವಿದ್ದಂತೆ ಕಂಪ್ಯೂಟರಿನ ಟಿಪ್ಪಣಿಗಳಿಗೂ ತಮ್ಮವೇ ಆದ ಭಯಗಳಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಬಳಸುವುದು 'ಆಬ್ಸಿಡಿಯನ್' ಎಂಬ ಆ್ಯಪನ್ನು. ಇದರಲ್ಲಿ ಪ್ರತಿಯೊಂದು ಟಿಪ್ಪಣಿಯೂ ನಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನೊಳಗೆ ಸಾದಾ ಅಕ್ಷರಗಳ ಫೈಲಾಗಿ ಉಳಿಯುತ್ತದೆ. ಆ ಫೋಲ್ಡರಿಗೆ 'ವಾಲ್ಟ್' ಎಂದು ಹೆಸರು, ನಾವು ಭಂಡಾರವೆನ್ನೋಣ. ಆ್ಯಪಿಗೆ ಹೊರಗಿನವರು ಬರೆದ 'ಪ್ಲಗಿನ್'ಗಳನ್ನು ಜೋಡಿಸಬಹುದು. ಅವುಗಳಲ್ಲೊಂದಾದ 'ಕ್ವಿಕ್‌ಆ್ಯಡ್' ಟಿಪ್ಪಣಿ ಬರೆಯುವ ಕೆಲಸದ ಯಾಂತ್ರಿಕ ಭಾಗವನ್ನು ತಾನೇ ವಹಿಸಿಕೊಳ್ಳುತ್ತದೆ. ಒಂದು ಆಜ್ಞೆಯನ್ನು ಕೊಟ್ಟರೆ ಸಾಕು. ಊರಾವುದು, ಕಲ್ಲು ಎಲ್ಲಿದೆ, ಪಂಕ್ತಿಗಳೆಷ್ಟು, ವರ್ಷವಾವುದು ಎಂದು ಕೇಳಿ, ಉತ್ತರಗಳನ್ನೆಲ್ಲ ತಕ್ಕ ಶೀರ್ಷಿಕೆಗಳ ಕೆಳಗೆ ತುಂಬಿ ಹೊಸ ಟಿಪ್ಪಣಿಯನ್ನು ಸಿದ್ಧಪಡಿಸುತ್ತದೆ. ಬೇಸರದ ನಕಲುಕೆಲಸ ಹೀಗೆ ಕಡಮೆಯಾಗುವುದು ಒಳ್ಳೆಯದೇ. ಇಂತಹ ಏರ್ಪಾಟೊಂದನ್ನು ಅದಕ್ಕೆ ಬೇಕಾದ ಟೆಂಪ್ಲೇಟು, ಸ್ಕ್ರಿಪ್ಟುಗಳ ಸಮೇತ ಒಂದೇ ಫೈಲಿನಲ್ಲಿ ಕಟ್ಟಿ ಇನ್ನೊಬ್ಬರಿಗೆ ಕೊಡಬಹುದು. ಅದೇ 'ಪ್ಯಾಕೇಜು'.

ಒಮ್ಮೆ ನಮ್ಮಲ್ಲಿಯೇ ನಡೆದುದನ್ನು ಹೇಳುತ್ತೇವೆ. ಸೊರಬದ ವೀರಗಲ್ಲುಗಳನ್ನು ಸಂಗ್ರಹಿಸುತ್ತಿದ್ದ ವಿದ್ಯಾರ್ಥಿಯೊಬ್ಬನು, ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಬರೆಯುವ ಸ್ಕ್ರಿಪ್ಟೊಂದನ್ನು ರಚಿಸಿದ್ದನು. ಅವನು ಆರಿಸಿಕೊಂಡಿದ್ದ ಕಲ್ಲುಗಳಲ್ಲಿ ಶಕವರ್ಷವೇ ಇದ್ದುದರಿಂದ ಅವನಿಗೆ ತೊಂದರೆಯಾಗಲಿಲ್ಲ. ಅದನ್ನು ಒಂದೇ ಸಲ ತನ್ನ ಕೈಯಿಂದ ನಡೆಸಿ ಬಿಟ್ಟಿದ್ದನು. ಕೈಯಿಂದ ಕೈಗೆ ಬರುವಾಗ, ಆ್ಯಪನ್ನು ತೆರೆದೊಡನೆ ತಾನಾಗಿ ನಡೆಯಬೇಕೆಂಬ ಗುರುತನ್ನು ಯಾರೋ ಅದಕ್ಕೆ ಹಾಕಿದರು. ಪ್ಯಾಕೇಜು ಶಿಕಾರಿಪುರದ ಕಡೆ ಕೆಲಸಮಾಡುತ್ತಿದ್ದವರ ಭಂಡಾರಕ್ಕೆ ಬಂದಿತು. ಬಳ್ಳಿಗಾವೆಯಲ್ಲಿ ಚಾಳುಕ್ಯ ವಿಕ್ರಮವರ್ಷದ ಶಾಸನಗಳು ಹೇರಳವಾಗಿವೆ. ಆ ಗಣನೆ 1076ರಲ್ಲಿ ಮೊದಲಾಗುವುದರಿಂದ ಅದರ 27ನೆಯ ವರ್ಷವೆಂದರೆ 1102–03. ಸ್ಕ್ರಿಪ್ಟು ಇದನ್ನೇನು ಬಲ್ಲುದು! 27ಕ್ಕೆ 78ನ್ನು ಕೂಡಿಸಿ 105 ಎಂದು ಬರೆಯಿತು. ಮಾರನೆಯ ದಿನ ಆ್ಯಪನ್ನು ತೆರೆದಾಗ 183 ಆಯಿತು. ಮೂರನೆಯ ಸಲಕ್ಕೆ 261. ಮೂಲಸಂಖ್ಯೆಯ ಮೇಲೆಯೇ ಬರೆದುದರಿಂದ ಕಲ್ಲಿನಲ್ಲಿದ್ದುದೇನೆಂಬುದು ಟಿಪ್ಪಣಿಯಿಂದ ಅಳಿಸಿಹೋಯಿತು. ಯಾವ ಟಿಪ್ಪಣಿಗೆ ಎಷ್ಟು ಸಲ ಕೂಡಿತೆಂಬ ಲೆಕ್ಕ ಯಾರಲ್ಲಿಯೂ ಇರಲಿಲ್ಲ. ಒಬ್ಬಾಕೆ ಪೆನ್ ಡ್ರೈವಿನಲ್ಲಿ ಹಳೆಯ ಪ್ರತಿಯೊಂದನ್ನು ಇಟ್ಟಿದ್ದುದರಿಂದ ಎರಡು ಬೇಸಗೆಗಳ ದುಡಿಮೆ ಉಳಿಯಿತು. ಇಲ್ಲಿ ಯಾರಲ್ಲಿಯೂ ದುರುದ್ದೇಶವಿರಲಿಲ್ಲವೆಂಬುದನ್ನು ಗಮನಿಸಬೇಕು.

ದುರುದ್ದೇಶವಿದ್ದರೆ ಆಗಬಹುದಾದ ಹಾನಿ ಇದಕ್ಕಿಂತ ಬಹಳ ಹೆಚ್ಚಿನದು. ಆಬ್ಸಿಡಿಯನ್ನಿನ ಪ್ಲಗಿನ್‌ಗೆ ಆ್ಯಪಿಗಿರುವ ಅಧಿಕಾರವೆಲ್ಲವೂ ಇರುತ್ತದೆ: ಕಂಪ್ಯೂಟರಿನ ಇತರ ಫೈಲುಗಳನ್ನು ಓದಬಲ್ಲುದು, ಇಂಟರ್ನೆಟ್ಟಿಗೆ ಸಂಪರ್ಕಿಸಬಲ್ಲುದು, ಬೇರೆ ಪ್ರೋಗ್ರಾಮುಗಳನ್ನೂ ಸ್ಥಾಪಿಸಬಲ್ಲುದು. ಪ್ಯಾಕೇಜಿನೊಳಗಣ ಸ್ಕ್ರಿಪ್ಟು ಕಂಪ್ಯೂಟರಿನಲ್ಲಿ ನಡೆಯುವಾಗ ಆ ಅಧಿಕಾರವೇ ಅದಕ್ಕೂ ದೊರೆಯುತ್ತದೆ. ಆದುದರಿಂದಲೇ ಹೊಸ ಭಂಡಾರವನ್ನು ತೆರೆದಾಗ ಹೊರಗಿನ ಪ್ಲಗಿನ್‌ಗಳು ನಡೆಯದಂತೆ ಆ್ಯಪ್ ತಡೆದಿರುತ್ತದೆ. ಆ ತಡೆಯನ್ನು ತೆಗೆಯುವವರು ನಾವೇ. ತೆಗೆದ ಮೇಲಣ ಹೊಣೆಯೂ ನಮ್ಮದೇ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಬಗೆಯ ಎಚ್ಚರ ಹೊಸದಾಗಬಾರದು. ಶಿಕಾರಿಪುರ ತಾಲ್ಲೂಕಿನ ಬೇಗೂರಿನಲ್ಲಿಯೂ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿಯೂ ದೊರೆತ ತಾಮ್ರಪಟಗಳು ಪರೀಕ್ಷಿತನ ಮಗನಾದ ಜನಮೇಜಯ ಚಕ್ರವರ್ತಿಯೇ ದಾನಮಾಡಿದನೆಂದು ಹೇಳಿಕೊಳ್ಳುತ್ತವೆ. ವಿದ್ವಾಂಸರು ದಾನಿಯ ಹೆಸರಿಗೆ ಮಾರುಹೋಗಲಿಲ್ಲ. ಲಿಪಿ ಯಾವ ಕಾಲದ್ದು, ಬಿರುದುಗಳು ಯಾವ ರಾಜವಂಶದವು, ಎಲ್ಲೆಕಟ್ಟಿನ ಭಾಷೆ ಯಾವುದು ಎಂದು ಒಂದೊಂದನ್ನೂ ವಿಚಾರಿಸಿ ಇವು ಬಹಳ ಈಚಿನ ಕೃತಕ ಶಾಸನಗಳೆಂದು ನಿರ್ಣಯಿಸಿದರು. ಕೊಟ್ಟವರಾರೆಂಬುದನ್ನು ನೋಡಿದಷ್ಟೇ ಸಾಲದು, ಒಳಗೇನಿದೆಯೆಂಬುದನ್ನು ಓದಬೇಕೆಂಬ ಈ ಕ್ರಮವೇ ಪ್ಯಾಕೇಜಿಗೂ ಸಲ್ಲುತ್ತದೆ. ವ್ಯತ್ಯಾಸವೊಂದಿದೆ. ತಾಮ್ರಪಟವು ಓದುವ ತನಕ ಪೆಟ್ಟಿಗೆಯಲ್ಲಿ ಸುಮ್ಮನಿರುತ್ತದೆ. ಪ್ಯಾಕೇಜು ಹಾಗಿರಬೇಕೆಂಬ ನಿಯಮವಿಲ್ಲ.

ಓದುವ ಬಗೆ ಹೇಗೆ? ಪ್ಯಾಕೇಜಿನ ಫೈಲನ್ನು ನೇರವಾಗಿ ತೆರೆದರೆ ಏರ್ಪಾಟುಗಳ ಹೆಸರುಗಳು ಕಾಣುತ್ತವೆಯಾದರೂ ಸ್ಕ್ರಿಪ್ಟುಗಳು ಸಂಕೇತರೂಪಕ್ಕೆ ತಿರುಗಿರುವುದರಿಂದ ಕಣ್ಣಿಗೆ ಅರ್ಥವಾಗುವುದಿಲ್ಲ. ಆದುದರಿಂದ ಟಿಪ್ಪಣಿಗಳೇ ಇಲ್ಲದ ಒಂದು ಬರಿದಾದ ಭಂಡಾರವನ್ನು ನಿರ್ಮಿಸಿ ಮೊದಲು ಅದರೊಳಕ್ಕೆ ಸೇರಿಸಿಕೊಳ್ಳುವುದು ಲೇಸು. ಸಾಧ್ಯವಾದರೆ ಸ್ವಂತ ಕಾಗದಪತ್ರಗಳಿಲ್ಲದ ಕಂಪ್ಯೂಟರಿನಲ್ಲಿಯೇ ಇದನ್ನು ಮಾಡಬೇಕು. ಸೇರಿಸುವ ಮುನ್ನ ಒಳಗೇನೇನಿದೆಯೆಂಬ ಪಟ್ಟಿ ತೋರುತ್ತದೆ. ನಮ್ಮಲ್ಲಿ ಆಗಲೇ ಇರುವ ಹೆಸರಿನ ಫೈಲು ಅಲ್ಲಿಯೂ ಇದ್ದರೆ, ಅದರ ಮೇಲೆ ಬರೆಯಲು ಒಪ್ಪಿಗೆ ಕೊಡಲಾಗದು. 'ವೀರಗಲ್ಲು' ಎಂಬ ಟೆಂಪ್ಲೇಟು ಯಾರಲ್ಲಿ ತಾನೇ ಇಲ್ಲ! ತಾನಾಗಿ ನಡೆಯುವ ಗುರುತಿದ್ದರೆ ಅದನ್ನು ತೆಗೆಯಬೇಕು. ಬಳಿಕ ಸ್ಕ್ರಿಪ್ಟಿನ ಫೈಲುಗಳನ್ನು ಸಾದಾ ಎಡಿಟರಿನಲ್ಲಿ ತೆರೆದು ನೋಡಬೇಕು. 'ಫೆಚ್', 'ರಿಕ್ವೆಸ್ಟ್‌ಯುಆರ್‌ಎಲ್' ಎಂಬ ಪದಗಳಿದ್ದರೆ ಅದು ಇಂಟರ್ನೆಟ್ಟಿನೊಡನೆ ವ್ಯವಹರಿಸುತ್ತದೆ. 'ಚೈಲ್ಡ್ ಪ್ರೋಸೆಸ್' ಎಂದಿದ್ದರೆ ಬೇರೆ ಪ್ರೋಗ್ರಾಮುಗಳನ್ನು ನಡೆಸುತ್ತದೆ. ವರ್ಷಕ್ಕೆ 78ನ್ನು ಕೂಡಿಸಲು ಇವೆರಡೂ ಬೇಕಾಗಿಲ್ಲವೆಂಬುದನ್ನು ತಿಳಿಯಲು ಜಾವಾಸ್ಕ್ರಿಪ್ಟಿನ ಪಾಂಡಿತ್ಯವೇನೂ ಬೇಡ. ಅರ್ಥವಾಗದ ಭಾಗವನ್ನು ಬಲ್ಲವರಿಗೆ ತೋರಿಸಬೇಕು. ಬಲ್ಲವರು ಸಿಗದಿದ್ದರೆ ಟೆಂಪ್ಲೇಟನ್ನು ಮಾತ್ರ ಇಟ್ಟುಕೊಂಡು ಸ್ಕ್ರಿಪ್ಟನ್ನು ಬಿಡಬೇಕು. ಕೊನೆಗೆ ಸ್ವಂತ ಭಂಡಾರದ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು, ನಾಲ್ಕೈದು ನಕಲು ಟಿಪ್ಪಣಿಗಳ ಮೇಲೆ ಪ್ರಯೋಗಿಸಿ ನೋಡಬೇಕು. ಅವುಗಳಲ್ಲಿ ಚಾಳುಕ್ಯ ವಿಕ್ರಮವರ್ಷದ ಒಂದಾದರೂ ಇರಲಿ.

ಕೊಡುವವರ ಹೊಣೆಯೂ ಕಡಮೆಯಲ್ಲ. ಪ್ಯಾಕೇಜಿನ ಬದಲು ಇಡೀ ಭಂಡಾರವನ್ನೇ ಕಳುಹಿಸುವ ಅಭ್ಯಾಸ ಕೆಲವರಿಗಿದೆ. ಅದರೊಡನೆ ಮರೆಯಲ್ಲಿರುವ ಸೆಟ್ಟಿಂಗುಗಳ ಫೋಲ್ಡರೂ ಅದರೊಳಗಿನ ಗುಪ್ತ ಕೀಲಿಗಳೂ ಹೊರಟುಹೋಗುತ್ತವೆ. ಸ್ಕ್ರಿಪ್ಟು ಯಾವ ಗಣನೆಗೆ ಅನ್ವಯಿಸುತ್ತದೆ, ಯಾವ ಫೈಲುಗಳನ್ನು ತಿದ್ದುತ್ತದೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು ಜೊತೆಗಿಡಬೇಕು. ಟೆಂಪ್ಲೇಟಿನಲ್ಲಿ ಮಾದರಿಗೆಂದು ಬಿಟ್ಟ ಟಿಪ್ಪಣಿಯನ್ನು ಇನ್ನೊಮ್ಮೆ ಓದಬೇಕು. ಅದರಲ್ಲಿ ಕಲ್ಲನ್ನು ತೋರಿಸಿಕೊಟ್ಟ ಊರಗೌಡರ ಹೆಸರೂ ಫೋನ್ ನಂಬರೂ ಇರಬಹುದು. ಇನ್ನೂ ಪ್ರಕಟವಾಗದ ಶಾಸನವು ಯಾವ ಕಾನಿನೊಳಗೆ, ಯಾವ ಕೆರೆಯ ಏರಿಯ ಕೆಳಗಿದೆಯೆಂಬ ನಿಖರವಾದ ಗುರುತೂ ಇರಬಹುದು. ಕಲ್ಲಿನ ಕೆಳಗೆ ಹೊನ್ನಿದೆಯೆಂದು ನಂಬಿ ರಾತ್ರಿಯಲ್ಲಿ ಅಗೆಯುವವರು ನಮ್ಮ ಸೀಮೆಯಲ್ಲಿ ಇಂದಿಗೂ ಇಲ್ಲದಿಲ್ಲ. ಅಂತಹ ಸಾಲುಗಳನ್ನು ಅಳಿಸಿ, ತಾಳಗುಂದದಂತಹ ಎಲ್ಲರೂ ಬಲ್ಲ ಶಾಸನವೊಂದನ್ನು ಮಾದರಿಯಾಗಿ ಇಟ್ಟು ಕಳುಹಿಸುವ ಪದ್ಧತಿಯನ್ನು ನಾವು ಈಗ ಅನುಸರಿಸುತ್ತಿದ್ದೇವೆ.