ಕಿತ್ತಳೆ ಬುಟ್ಟಿ ಮತ್ತು ಅಮ್ಮನ ಹೆಬ್ಬೆಟ್ಟು

2021ರ ನವೆಂಬರ್ 8. ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಕೊಡುತ್ತಿದ್ದುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಊರಿನಿಂದ ಬಂದಿದ್ದ ಅಮ್ಮ ಸೋಫಾದ ತುದಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು. ಬಿಳಿ ಅಂಗಿ, ಬಿಳಿ ಪಂಚೆಯ ಸಣಕಲು ಮನುಷ್ಯರೊಬ್ಬರು ಬರಿಗಾಲಲ್ಲಿ ನಡೆದು ಬಂದರು. ಹರೇಕಳ ಹಾಜಬ್ಬ.

"ಇವರು ನಮ್ಮ ಊರಿನ ಕಡೆಯವರು ಅಲ್ವಾ? ಸ್ಟೇಟ್‌ಬ್ಯಾಂಕ್ ಹತ್ರ ಬಸ್ಸಿಗೆ ಕಾಯುವಾಗ ಎಷ್ಟು ಸಲ ಕಿತ್ತಳೆ ತಗೊಂಡಿದ್ದೇನೆ ಮಾರಾಯ್ತಿ. ಇವರ ಹತ್ರವೇ ತಗೊಂಡಿದ್ದೆನೋ ಏನೋ" ಅಂದರು ಅಮ್ಮ.

"ಮುಖ ನೆನಪಿಲ್ವಾ?"

"ನಾನು ಕಿತ್ತಳೆ ನೋಡಿದ್ದು. ಮುಖ ಯಾರು ನೋಡ್ತಾರೆ?"

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಾಜಬ್ಬರ ಕಥೆ ನಿಮಗೆಲ್ಲ ಗೊತ್ತಿರುವುದೇ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ದಶಕಗಳ ಕಾಲ ಮಾರಿದವರು. ಒಂದು ದಿನ ವಿದೇಶಿ ದಂಪತಿ ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬರಿಗೆ ಅರ್ಥವಾಗಲಿಲ್ಲ. ಅವರು ಹೊರಟುಹೋದರು. ಅಷ್ಟೇ ನಡೆದದ್ದು. ನಾವಾಗಿದ್ದರೆ ಸಂಜೆ ಮನೆಯಲ್ಲಿ ಹೇಳಿಕೊಂಡು ನಕ್ಕು ಮರೆತುಬಿಡುತ್ತಿದ್ದೆವು. ಅವರು ಮರೆಯಲಿಲ್ಲ. ತಮ್ಮೂರು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ತನಗಾದ ನಾಚಿಕೆ ಊರಿನ ಮಕ್ಕಳಿಗೆ ಆಗಬಾರದು ಎಂದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಮದರಸಾದ ಕೋಣೆಯಲ್ಲಿ 28 ಮಕ್ಕಳೊಂದಿಗೆ ತರಗತಿ ಶುರುವಾಯಿತು. ಆಮೇಲೆ ಜಾಗ, ಕಟ್ಟಡ, ಹೈಸ್ಕೂಲು ಎಲ್ಲ ಬಂತು.

ಇಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಆ ಶಾಲೆ ಅವರದ್ದಲ್ಲ. ಅದು ಜಿಲ್ಲಾ ಪಂಚಾಯತ್ ಶಾಲೆ, ಸರ್ಕಾರದ್ದು. ಒಂದು ಬೆಂಚು ದಾನ ಕೊಟ್ಟರೂ ಬೆನ್ನಿನ ಮೇಲೆ ಹೆಸರು ಬರೆಸುವ ಕಾಲ ಇದು. ಇವರು ಬಂದ ಪ್ರಶಸ್ತಿಯ ಹಣವನ್ನೂ ಸರ್ಕಾರಿ ಶಾಲೆಗೇ ಸುರಿದರು. ಪದ್ಮಶ್ರೀ ಘೋಷಣೆಯಾದ ಸುದ್ದಿ ತಲುಪಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರಂತೆ.

ಜನ ಅವರನ್ನು ಅಕ್ಷರ ಸಂತ ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುವುದು, ಆದರೆ ನನಗೆ ಆ ಬಿರುದಿನ ಬಗ್ಗೆ ಸ್ವಲ್ಪ ಅನುಮಾನ ಉಂಟು. ಸಂತ ಅಂದುಬಿಟ್ಟರೆ ನಮ್ಮ ಕೆಲಸ ಮುಗಿಯಿತಲ್ಲ! ಅವರು ಸಂತರು, ನಾವು ಸಂಸಾರಿಗಳು ಎಂದು ಕೈಮುಗಿದು ಚಾನೆಲ್ ಬದಲಾಯಿಸಬಹುದು. ಅವರೂ ಹೆಂಡತಿ ಮಕ್ಕಳು ಇರುವ, ಹಣ್ಣು ಕೊಳೆತರೆ ನಷ್ಟವಾಗುವ ಮನುಷ್ಯನೇ. ಆ ದಿನದ ವ್ಯಾಪಾರ ಬಿಟ್ಟು ಕಚೇರಿಯ ಬಾಗಿಲಲ್ಲಿ ಕಾದಿದ್ದು, ನಾಳೆ ಬಾ ಅಂದರೆ ನಾಳೆಯೂ ಹೋಗಿದ್ದು, ಇದನ್ನು ವರ್ಷಗಟ್ಟಲೆ ಮಾಡಿದ್ದು. ಬೆಂಕಿಗೆ ಹಾರಿ ಮಗುವನ್ನು ಉಳಿಸುವವರ ಮೇಲೆ ನನಗೆ ಗೌರವ ಇದೆ, ಆದರೆ ಅದು ಒಂದು ಕ್ಷಣದ ಧೈರ್ಯ. ಇದು ಮರುದಿನವೂ ಎದ್ದು ಹೋಗುವ ಧೈರ್ಯ.

ಅದೇ ದಿನ ತುಳಸಿ ಗೌಡರೂ ಬಂದರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಅಜ್ಜಿ, ಅವರದೂ ಬರಿಗಾಲು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದಶಕಗಳ ಕಾಲ ಸಸಿ ಬೆಳೆಸಿದವರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಆರಿಸಬೇಕು ಎನ್ನುವುದು ಅವರಿಗೆ ಪುಸ್ತಕವಿಲ್ಲದೆ ಗೊತ್ತಿತ್ತು. ಅವರನ್ನು ನೋಡುತ್ತಲೇ ಅಮ್ಮ ಬೀನ್ಸ್ ಬಿಟ್ಟು ಕೈ ಕಟ್ಟಿಕೊಂಡು ಕೂತರು. 2024ರ ಡಿಸೆಂಬರಿನಲ್ಲಿ ಆ ಅಜ್ಜಿ ತೀರಿಕೊಂಡ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅಮ್ಮನ ಆ ಕೈಗಳೇ.

ಆ ಕೈಗಳ ವಿಷಯ ಹೇಳಲೇಬೇಕು. ಅಮ್ಮ ಬೀಡಿ ಕಟ್ಟುತ್ತಿದ್ದರು. ದಕ್ಷಿಣ ಕನ್ನಡದ ಹಳ್ಳಿಮನೆಗಳ ಬಗ್ಗೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ನೆನೆಸಿದ ಎಲೆ, ತಗಡಿನ ಅಳತೆ, ಕತ್ತರಿ, ಮಡಿಲಲ್ಲಿ ಗೆರಸೆ, ಅದರಲ್ಲಿ ಹೊಗೆಸೊಪ್ಪು. ಸಾವಿರ ಬೀಡಿ ಆಗುವವರೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಬ್ರಾಂಚಿಗೆ ಕೊಂಡುಹೋದರೆ ಒಂದಷ್ಟನ್ನು ಸರಿಯಿಲ್ಲ ಎಂದು ತೆಗೆದು ಬಿಸಾಡುತ್ತಿದ್ದರು. ಅದಕ್ಕೆ ದುಡ್ಡಿಲ್ಲ. ಅಪ್ಪ ಬೇಗ ಹೋದ ಮೇಲೆ ನಮ್ಮ ಮೂವರ ಫೀಸು, ಚೀಲ, ಚಪ್ಪಲಿ ಎಲ್ಲ ಬಂದದ್ದು ಆ ಗೆರಸೆಯಿಂದಲೇ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಪ್ರಗತಿಪತ್ರಕ್ಕೆ ಅಮ್ಮನ ಹೆಬ್ಬೆಟ್ಟು ಹಾಕಿಸಿಕೊಂಡು ಹೋಗಿದ್ದೆ. ಹೊಗೆಸೊಪ್ಪಿನ ಕಲೆ ಬೇರೆ ಅಂಟಿತ್ತು. ಹಿಂದಿನ ಬೆಂಚಿನವರು ನಕ್ಕರು. ಮುಂದಿನ ಸಲ ನಾನು ಅಮ್ಮನಿಗೆ ಕಾರ್ಡು ತೋರಿಸಲೇ ಇಲ್ಲ. ಪಕ್ಕದ ಮನೆ ಅಕ್ಕನ ಕೈಯಲ್ಲಿ ಅಮ್ಮನ ಹೆಸರು ಬರೆಸಿಕೊಂಡು ಹೋದೆ. ಅದರ ನಂತರದ ಸಲವೂ. ನನಗೂ ನಾಚಿಕೆಯಾಗಿತ್ತು, ಹಾಜಬ್ಬರಿಗೂ ಆಗಿತ್ತು. ಅವರು ಆ ನಾಚಿಕೆಯಿಂದ ಶಾಲೆ ಕಟ್ಟಿದರು, ನಾನು ಅಮ್ಮನನ್ನು ಮುಚ್ಚಿಟ್ಟೆ.

ತೊಂಬತ್ತರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ಬಂತು. ಸಂಜೆ ಯಾರದೋ ಮನೆಯ ಜಗಲಿಯಲ್ಲಿ ಚಿಮಣಿ ದೀಪ ಇಟ್ಟು ಪಾಠ. ಅಮ್ಮ ಗೆರಸೆ ಸಮೇತ ಹೋಗುತ್ತಿದ್ದರು. ಬೀಡಿ ಕಟ್ಟುತ್ತಲೇ ಅ, ಆ. ಇದೆಲ್ಲ ಇವರಿಗೆ ಈಗ ಯಾಕೆ ಎಂದು ನಾನು ಅಂದುಕೊಂಡದ್ದುಂಟು. ಯಾಕೆ ಎಂದು ಕೇಳಲಿಲ್ಲ.

ಟಿವಿಯಲ್ಲಿ ಹಾಜಬ್ಬರು ಪ್ರಶಸ್ತಿ ಹಿಡಿದು ವಾಪಸ್ ನಡೆಯುತ್ತಿದ್ದರು. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, "ನೀನು ಆ ಕಾರ್ಡಿಗೆ ಪಕ್ಕದ ಮನೆಯವಳ ಹತ್ರ ಬರೆಸ್ತಿದ್ದಿ ಅಲ್ವಾ? ಅವಳೇ ಹೇಳಿದ್ಲು. ಅದಕ್ಕೇ ನಾನು ಕಲಿಯಲಿಕ್ಕೆ ಹೋದದ್ದು."

ಮೂವತ್ತು ವರ್ಷ ಗೊತ್ತಿತ್ತು ಅವರಿಗೆ. ಒಂದು ದಿನ ಬೈದಿರಲಿಲ್ಲ, ಎತ್ತಿ ಆಡಿರಲಿಲ್ಲ. ಆ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ.

ಆಗ ಕೊರೊನಾ ಮುಗಿದು ಶಾಲೆಗಳು ತೆರೆದ ಹೊಸತು. ಎಂಟು ವರ್ಷದ ಮಗ ಮನೆಯವರ ಒಪ್ಪಿಗೆ ಪತ್ರ ಶಾಲೆಗೆ ಕೊಡಬೇಕಿತ್ತು. ನಾಳೆಯೇ ಕೊನೆ ದಿನ ಎಂದು ಅವನು ರಾತ್ರಿ ಊಟದ ಹೊತ್ತಿಗೆ ನೆನಪಿಸಿಕೊಂಡ, ಎಂದಿನಂತೆ. ನಾನು ಪೆನ್ನು ತೆಗೆದೆ. ಆಮೇಲೆ ಅಮ್ಮನ ಕಡೆ ಚಾಚಿದೆ.

"ನಾನಾ? ನಿನ್ನ ಮಗನಿಗೆ?"

"ಪೋಷಕರು ಅಂತ ಉಂಟಲ್ಲ, ನೀವೂ ಪೋಷಕರೇ."

ಅಮ್ಮ ಕನ್ನಡಕ ಹಾಕಿಕೊಂಡರು. ಸೆರಗಿನಿಂದ ಮೇಜು ಒರೆಸಿ ಕಾಗದವನ್ನು ನೇರ ಮಾಡಿಕೊಂಡರು. ಮಗ ಅವರ ಭುಜಕ್ಕೆ ಒರಗಿ ನೋಡುತ್ತಿದ್ದ. ಒಂದೊಂದೇ ಅಕ್ಷರ, ಒತ್ತಿ ಒತ್ತಿ, ಹಿಂಬದಿಗೂ ಮೂಡುವ ಹಾಗೆ. ಕೊಟ್ಟ ಗೆರೆ ಸಾಕಾಗದೆ ಹೆಸರು ಪಕ್ಕದ ದಿನಾಂಕದ ಜಾಗಕ್ಕೂ ಹರಿಯಿತು.

"ಅಜ್ಜಿ, ಇಷ್ಟು ದೊಡ್ಡ ಸೈನಾ!" ಎಂದ ಮಗ.

"ಕಾಣಬೇಕಲ್ಲ ಮಗಾ" ಎಂದು ಅಮ್ಮ ಪೆನ್ನಿನ ಮುಚ್ಚಳ ಹಾಕಿದರು.