ಮೋಟುಗಾಲಿನ ಅಳತೆಯೂ ಕೃತಕ ಕಾಲಿನ ಇತಿಹಾಸವೂ

ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಬೇಕಾಗಿ ಬಂದಾಗ ಎಷ್ಟು ಭಾಗವನ್ನು ಉಳಿಸಬೇಕೆಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಯೂರೋಪಿನ ಶಸ್ತ್ರವೈದ್ಯರು ಅದಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸಿದರೆ, ಮೋಟಿನ ಅಳತೆಯನ್ನು ನಿರ್ಧರಿಸುವುದರಲ್ಲಿ ರೋಗದಷ್ಟೇ ಆಯಾ ಕಾಲದ ಕೃತಕ ಕಾಲಿಗೂ ಪಾತ್ರವಿತ್ತೆಂಬುದು ವ್ಯಕ್ತವಾಗುತ್ತದೆ.

16ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ, ರೋಗವು ಪಾದದಲ್ಲಿ ಮಾತ್ರವಿದ್ದರೂ ಮೊಣಕಾಲಿಗಿಂತ ಐದು ಬೆರಳಗಲ ಕೆಳಗೆ ಕತ್ತರಿಸುವುದೇ ಲೇಸೆಂದು ಬೋಧಿಸಿದನು. ಇದಕ್ಕೆ ಕಾರಣವಿಲ್ಲದಿಲ್ಲ. ಅಂದಿನ ಬಡವನಿಗೆ ದೊರೆಯುತ್ತಿದ್ದುದು ಮರದ ಗೂಟಗಾಲು. ಅವನು ಮಡಿಸಿದ ಮೊಣಕಾಲನ್ನು ಅದರ ಮೇಲೂರಿ ನಡೆಯುತ್ತಿದ್ದನು. ಮೋಟು ಉದ್ದವಾಗಿದ್ದರೆ ಹಿಂದಕ್ಕೆ ಚಾಚಿಕೊಂಡು ತೊಡಕಾಗುತ್ತಿತ್ತು. 1696ರಲ್ಲಿ ಆಮ್‌ಸ್ಟರ್‌ಡಾಮಿನ ಪೀಟರ್ ವೆರ್ಡೈನನು ಮೊಣಕಾಲಿನ ಚಲನೆಯನ್ನು ಉಳಿಸುವ ಕೃತಕ ಕಾಲನ್ನು ವರ್ಣಿಸಿದನಾದರೂ ಗೂಟಗಾಲಿನ ಬಳಕೆ ಬಹುಕಾಲ ನಿಲ್ಲಲಿಲ್ಲ.

ಕೃತಕ ಕಾಲನ್ನು ಮೊಣಕಾಲೇ ನಡೆಸಬೇಕೆಂದಾದಾಗ ಪರಿಸ್ಥಿತಿ ತಲೆಕೆಳಗಾಯಿತು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ರೂಪುಗೊಂಡ ಕಾಲಿನಲ್ಲಿ ದೇಹದ ಭಾರದ ಬಹುಪಾಲು ಮಂಡಿಚಿಪ್ಪಿನ ಕೆಳಗಣ ಸ್ನಾಯುರಜ್ಜುವಿನ ಮೇಲೆಯೂ ಮೋಟಿನ ಪಕ್ಕಗಳ ಮೇಲೆಯೂ ಬೀಳುತ್ತದೆ. ಇಲ್ಲಿ ಮೋಟು ಸನ್ನೆಗೋಲಿನಂತೆ ಕೆಲಸ ಮಾಡಬೇಕು. ಗಿಡ್ಡ ಸನ್ನೆಗೋಲಿಗೆ ಬಲ ಸಾಲದು. ಮೊಣಕಾಲು ಮಡಿಸಿದೊಡನೆ ಹಿಂಬದಿಯ ರಜ್ಜುಗಳು ಗೂಡಿನ ಅಂಚನ್ನು ತಳ್ಳುತ್ತವೆ, ಮೋಟು ಜಾರಿ ಹೊರಬರುತ್ತದೆ. ಕಿರಿದಾದ ಚರ್ಮದ ಮೇಲೆ ಒತ್ತಡ ಹೆಚ್ಚಿ ಹುಣ್ಣಾಗುತ್ತದೆ.

ಇಂತಹ ಮೋಟನ್ನು ಮತ್ತೆ ತಿದ್ದುವುದು ಸಾಧ್ಯವಾದುದು 1846ರ ಈಥರ್ ಅರಿವಳಿಕೆ ಮತ್ತು 1867ರಲ್ಲಿ ಲಿಸ್ಟರನು ಪ್ರಕಟಿಸಿದ ನಂಜುನಿರೋಧಕ ಕ್ರಮಗಳಿಂದಾಗಿ. ಅದಕ್ಕೆ ಮುಂಚೆ ಎರಡನೆಯ ಬಾರಿ ಕತ್ತಿಗೆ ಒಡ್ಡಿಕೊಳ್ಳುವುದೆಂದರೆ ಪ್ರಾಣವನ್ನೇ ಪಣಕ್ಕಿಟ್ಟಂತೆ. ಈಗ ಬಲು ಗಿಡ್ಡ ಮೋಟುಗಳಲ್ಲಿ ಹಿಂಬದಿಯ ರಜ್ಜುಗಳನ್ನು ಕತ್ತರಿಸಿ ಮೋಟು ಗೂಡಿನೊಳಕ್ಕೆ ಆಳವಾಗಿ ಇಳಿಯುವಂತೆ ಮಾಡುವುದುಂಟು. ಕಣಕಾಲಿನ ಸಣ್ಣ ಹೊರಮೂಳೆಯನ್ನು ತೆಗೆಯುವುದೂ ಉಂಟು, ಆದರೆ ಅದರ ತಲೆಭಾಗ ಗೂಡಿಗೆ ಹಿಡಿತ ಕೊಡುವುದರಿಂದ ಉಳಿಸಬೇಕೆನ್ನುವವರೂ ಇದ್ದಾರೆ. ಮೂರನೆಯ ದಾರಿ, 1951ರಿಂದ ಸೋವಿಯತ್ ದೇಶದ ಕುರ್ಗಾನಿನಲ್ಲಿ ಇಲಿಜಾರೋವನು ಬೆಳೆಸಿದ ವಿಧಾನ: ಮೂಳೆಯನ್ನು ಕತ್ತರಿಸಿ, ಹೊರಗಿನ ಉಂಗುರಗಳ ನೆರವಿನಿಂದ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಅಗಲಿಸಿದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ. ಇದಕ್ಕೆ ತಿಂಗಳುಗಳ ತಾಳ್ಮೆ ಬೇಕು. ತುದಿಯ ಚರ್ಮವೂ ತಡೆಯಬೇಕು. ಮೊಣಕಾಲನ್ನು ನೀಡುವ ರಜ್ಜುವಿನ ನೆಲೆಯೇ ಹೋಗಿದ್ದರೆ ಇವಾವುವೂ ಸಾರ್ಥಕವಾಗವು.

ಇಷ್ಟೆಲ್ಲ ಶ್ರಮ ಒಂದು ಕೀಲಿಗಾಗಿ. ಸ್ವಂತ ಮೊಣಕಾಲುಳ್ಳವನು ಅದಿಲ್ಲದವನಿಗಿಂತ ಕಡಿಮೆ ಆಯಾಸದಿಂದ ನಡೆಯುತ್ತಾನೆ. ಪಾರೆಯ ಐದು ಬೆರಳಗಲವನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಅವನು ತನ್ನ ರೋಗಿ ನಾಳೆ ಯಾವ ಕಾಲಿನ ಮೇಲೆ ನಿಲ್ಲುವನೆಂಬುದನ್ನು ಮೊದಲು ಯೋಚಿಸಿ, ಅನಂತರ ಕತ್ತಿಯನ್ನು ಎತ್ತಿಕೊಂಡನು. ಅಳತೆ ಬದಲಾಗಿದೆ, ಆ ವಿವೇಕ ಹಳೆಯದಾಗಿಲ್ಲ.