ಕೋಳಿ ಬಲೆಗೆ ಕರೆಂಟು: ಝಟಕಾ ಮಷಿನ್ ಮಾತ್ರ

ಕಳ್ಳಕವಟಗಿ ಕಡೆ ಹಿತ್ತಲದಾಗ ಜವಾರಿ ಕೋಳಿ ಸಾಕಿದವರು ನನ್ನ ಕೇಳೋದು ಒಂದೇ: "ನಾಯಿ, ಮುಂಗುಸಿ ಕಾಟ ಭಾಳ ಆಗೇತ್ರಿ, ಬಲಿಗೆ ಕರೆಂಟ್ ಕೊಡಬಹುದೇನ್ರಿ?"

ಕೊಡಬಹುದು. ಆದರೆ ಮನೆ ಲೈನಿನಿಂದ, ಮೋಟರ್ ಲೈನಿನಿಂದ ಖಂಡಿತ ಬ್ಯಾಡ. 230 ವೋಲ್ಟಿನ ಕರೆಂಟು ಬಿಡದೆ ಹರಿಯುತ್ತದೆ. ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಜೀವ ಹೋಗುತ್ತದೆ, ಮ್ಯಾಲೆ ಕೇಸೂ ಬೀಳುತ್ತದೆ. ಝಟಕಾ ಮಷಿನ್ ಸಾವಿರಾರು ವೋಲ್ಟ್ ಕೊಟ್ಟರೂ ಅದು ಸುಮಾರು ಸೆಕೆಂಡಿಗೊಮ್ಮೆ, ಕ್ಷಣಮಾತ್ರ. ಅಷ್ಟರಲ್ಲಿ ನಾಯಿ ಹಿಂದೆ ಜಿಗಿದಿರುತ್ತದೆ.

ನಮ್ಮ ಭಾಗದಲ್ಲಿ ಕೈಕೊಡುವುದು ಅರ್ಥಿಂಗ್. ಬ್ಯಾಸಿಗ್ಯಾಗ ಎರಿ ನೆಲ ಬಿರುಕು ಬಿಟ್ಟಾಗ ಮಷಿನ್ ಟಕ್ ಟಕ್ ಅಂತಿದ್ದರೂ ನಾಯಿಗೆ ಸರಿಯಾಗಿ ಹೊಡೆತ ಬೀಳುವುದಿಲ್ಲ. ಸುಮಾರು ಒಂದು ಮೀಟರಿನ ರಾಡನ್ನು ಬಚ್ಚಲ ನೀರು ಹರಿಯುವಲ್ಲಿ ಹೊಡೆಯಿರಿ. ದ್ರಾಕ್ಷಿ ತೋಟದವರಾದರೆ ಒಂದು ಡ್ರಿಪ್ಪರ್ ಅದರ ಬುಡಕ್ಕೇ ಬಿಡ್ರಿ. ಮನೆಯ ಅರ್ಥಿಂಗಿಗೆ ಮಾತ್ರ ಜೋಡಿಸಬೇಡಿ, ಅದರಿಂದ ದೂರವೇ ಇರಲಿ. ಮಳೆಗಾಲದಾಗ ಬಲೆಗೆ ತಾಗುವ ಹುಲ್ಲು ಕೊಯ್ಯಿರಿ, ಇಲ್ಲದಿದ್ದರೆ ಶಕ್ತಿಯೆಲ್ಲ ನೆಲಕ್ಕೆ ಸೋರುತ್ತದೆ.

ಸಣ್ಣ ಮರಿ ಬಲೆಯ ಕಣ್ಣಿನಾಗ ಸಿಕ್ಕಿಬೀಳುತ್ತವೆ. ದೊಡ್ಡವಾಗುವ ತನಕ ಬುಟ್ಟಿಯೊಳಗಿರಲಿ. ತೆವಳುವ ಕೂಸು ಇರುವ ಮನೆಯಲ್ಲಿ ಅಂಗಳಕ್ಕೆ ಈ ಬಲೆ ಕಟ್ಟುವುದೇ ಬೇಡ ಅಂತೀನಿ. ದಿನಾ ಮುಂಜಾನೆ ಬಲೆಯ ಕೆಳಗೆ ಕಪ್ಪೆ, ಉಡ ಸಿಕ್ಕಾವೇನು ನೋಡ್ರಿ. ಬಿಡಿಸುವ ಮೊದಲು ಮಷಿನ್ ಬಂದ್ ಮಾಡ್ರಿ.